ಮುಂದಕ್ಕೆ ಹಾಕಿದ ಬದಲಾವಣೆ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು ಅವಳಿಗೆ ಸ್ಪೀಡ್ ಬ್ರೇಕರ್ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಆತ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, ತನಗೆ ತಿಳಿಯಲು ಇಷ್ಟು ವರ್ಷ ಹಿಡಿದದ್ದು ಅವರಿಗೆ ಬಲು ಬೇಗ ತಿಳಿಯಿತಲ್ಲ ಎಂದಿದ್ದ.

ಮೂತ್ರಪಿಂಡದ ರೋಗಿಗಳ ವಾರ್ಡಿಗೆ ಆಕೆ ಹಿರಿಯ ನರ್ಸ್. ಹಿಂದೊಮ್ಮೆ ಕಂಪ್ಯೂಟರ್ ವಿಭಾಗದವರು ಯಾರನ್ನೂ ಕೇಳದೆ ಏನನ್ನೋ ಬದಲಾಯಿಸಲು ಹೋಗಿ, ಬೆಳಗಿನ ಗಡಿಬಿಡಿಯಲ್ಲೇ ಎಲ್ಲ ವಾರ್ಡುಗಳ ಔಷಧದ ಪಟ್ಟಿ ಪರದೆಯಿಂದ ಮಾಯವಾಗಿತ್ತು. ಆ ರಾದ್ಧಾಂತದ ನಂತರ ಆಸ್ಪತ್ರೆ ಒಂದು ಸಲಹಾ ಸಮಿತಿ ಮಾಡಿತು. ಕಂಪ್ಯೂಟರ್ ವ್ಯವಸ್ಥೆಯಲ್ಲಿ ಏನು ಬದಲಾಗಬೇಕಾದರೂ ಮೊದಲು ಅಲ್ಲಿ ಚರ್ಚೆಯಾಗಬೇಕು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು. ರಕ್ತಪರೀಕ್ಷೆಯ ಪ್ರಯೋಗಾಲಯದ ಡಾಕ್ಟರು, ಔಷಧ ವಿಭಾಗದವರೊಬ್ಬರು, ವಾರ್ಡುಗಳ ಪರವಾಗಿ ಈಕೆ. ಮಿಕ್ಕವರು ಬದಲಾವಣೆಯಿಂದ ಏನು ಲಾಭ ಎಂದು ಕೇಳಿದರೆ, ಈಕೆ ಅದು ಕೆಟ್ಟರೆ ಹಳೆಯದಕ್ಕೆ ಮರಳಲು ಎಷ್ಟು ಹೊತ್ತು ಬೇಕು ಎಂದು ಕೇಳುತ್ತಿದ್ದಳು. ಹಲವು ಸಲ ಆ ಪ್ರಶ್ನೆಗೆ ಉತ್ತರವಿಲ್ಲದೆ ಆ ಕೆಲಸವನ್ನೇ ಮುಂದೂಡಬೇಕಾಗಿತ್ತು. ಅಧ್ಯಕ್ಷರಿಗೆ ಮನಸ್ಸಿನಲ್ಲೇ ಅವಳ ಮೇಲೆ ಗೌರವವಿತ್ತು.

ಆ ಸಲ ಚರ್ಚೆಗೆ ಬಂದದ್ದು ರಕ್ತಪರೀಕ್ಷೆಯ ಫಲಿತಾಂಶವನ್ನು ವಾರ್ಡಿಗೆ ತೋರಿಸುವ ಪ್ರೋಗ್ರಾಂ. ಹಳೆಯದು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹೊಸದು ಸಿದ್ಧವಾಗಿತ್ತು. ಆ ವಾರವೇ ಹಾಕಿಬಿಡೋಣ ಎಂದು ಪ್ರಯೋಗಾಲಯದ ಡಾಕ್ಟರು ಹಟ ಹಿಡಿದಿದ್ದರು.

"ನನ್ನ ನರ್ಸ್‌ಗಳಲ್ಲಿ ಅರ್ಧ ಜನ ಜ್ವರ ಬಂದು ಮಲಗಿದಾರೆ ಸರ್," ಎಂದಳು ಆಕೆ. "ಬೇರೆ ವಾರ್ಡಿಂದ ಬಂದೋರಿಗೆ ರೋಗಿಗಳ ಮುಖಾನೇ ಗೊತ್ತಿಲ್ಲ. ಅವರ ಮುಂದೆ ಹೊಸ ಪರದೇನೂ ಇಟ್ರೆ ಏನಾದ್ರೂ ಎಡವಟ್ಟಾಗುತ್ತೆ. ನಮ್ಮೋರು ವಾಪಸ್ ಬರೋವರೆಗೂ ತಡೀರಿ."

"ಹಳೇದು ಈಗ್ಲೇ ಏದುಸಿರು ಬಿಡ್ತಿದೆ ಸಿಸ್ಟರ್. ಇನ್ನೆಷ್ಟು ದಿನ ಎಳೆಯುತ್ತೋ ನಾನು ಹೇಳಲಾರೆ," ಎಂದರು ಅಧ್ಯಕ್ಷರು.

ಇಷ್ಟು ದಿನ ಎಳೆದದ್ದು ಇನ್ನೆರಡು ವಾರ ಎಳೆಯದೇ ಎಂದು ಆಕೆ ಕೇಳಿದಳು. ಕೊನೆಗೆ ಎಲ್ಲರೂ ಒಪ್ಪಿದರು. ಡಾಕ್ಟರು ಕೂಡ ಗೊಣಗುತ್ತಲೇ ಒಪ್ಪಿದರು.

ಆಗ ಅವಳ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕನಿದ್ದ. ಬದುಕೆಲ್ಲ ಬಸ್ಸು ಓಡಿಸಿದವನು. ಜೀವಮಾನದಲ್ಲಿ ಮೊದಲ ಸಲ ಕಿಟಕಿ ಸೀಟು ಸಿಕ್ಕಿದೆ, ಇಳಿ ಎಂದರೂ ಇಳಿಯುವುದಿಲ್ಲ ಎಂದು ನರ್ಸುಗಳನ್ನು ನಗಿಸುತ್ತಿದ್ದ. ಚೇತರಿಸಿಕೊಳ್ಳುತ್ತಲೂ ಇದ್ದ. ಎರಡು ವಾರ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಹಳೆಯ ಪ್ರೋಗ್ರಾಂ ಸದ್ದಿಲ್ಲದೆ ನಿಂತುಹೋಯಿತು. ಪರದೆ ಖಾಲಿಯಾಗಿದ್ದರೆ ಯಾರಾದರೂ ಕೇಳುತ್ತಿದ್ದರು. ಅದು ಹಿಂದಿನ ದಿನದ ಅಂಕಿಗಳನ್ನೇ ತೋರಿಸುತ್ತ ಕುಳಿತಿತ್ತು. ಮುದುಕನ ರಕ್ತದಲ್ಲಿ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲಷ್ಟು ಏರಿತ್ತು. ವಾರ್ಡಿನವರು ನೋಡಿರುತ್ತಾರೆಂದು ಪ್ರಯೋಗಾಲಯದವರು ಸುಮ್ಮನಿದ್ದರು. ಎಲ್ಲ ಸರಿಯಿದೆಯೆಂದು ವಾರ್ಡಿನವರು ಸುಮ್ಮನಿದ್ದರು. ಮಧ್ಯಾಹ್ನ ಅವನ ಹೃದಯ ನಿಂತಿತು. ಆಕೆಯೇ ಹಾಸಿಗೆಯ ಮೇಲೆ ಹತ್ತಿ ಎದೆ ಒತ್ತಿದಳು. ವಾರ್ಡಿನ ಡಾಕ್ಟರು ಸಾಕು ಎಂದ ಮೇಲೂ ಒತ್ತುತ್ತಿದ್ದಳು.

ವಿಚಾರಣೆ ನಡೆಯಿತು. ಸಮಿತಿ ಸಕಾರಣವಾಗಿಯೇ ನಡೆದುಕೊಂಡಿದೆ, ಯಾರ ತಪ್ಪೂ ಇಲ್ಲ ಎಂದರು. ಹೊಸ ಪ್ರೋಗ್ರಾಂ ಅದೇ ವಾರ ಬಂತು. ಬೇರೆ ವಾರ್ಡಿನಿಂದ ಬಂದಿದ್ದ ನರ್ಸುಗಳು ಅದನ್ನು ಒಂದೇ ಬೆಳಿಗ್ಗೆ ನಗುನಗುತ್ತಾ ಕಲಿತುಬಿಟ್ಟರು. ಒಂದು ಎಡವಟ್ಟೂ ಆಗಲಿಲ್ಲ. ಅವಳು ಕುಸಿದದ್ದು ಆವತ್ತು. ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಹಣೆಯಿಟ್ಟು ನಿಂತಳು.

ಕೆಲವು ದಿನಗಳ ಮೇಲೆ ಮುದುಕನ ಮಗಳು ಅಪ್ಪನ ಕನ್ನಡಕ, ಚಪ್ಪಲಿ ಒಯ್ಯಲು ಬಂದಳು. ಚೆನ್ನಾಗಿ ನೋಡಿಕೊಂಡಿರಿ ಎಂದು ಕೈ ಹಿಡಿದುಕೊಂಡಳು. ನರ್ಸಿಗೆ ತಡೆಯಲಾಗಲಿಲ್ಲ.

"ಆ ಹಳೇ ಪ್ರೋಗ್ರಾಂ ಈಗ ಬದಲಾಯಿಸ್ಬೇಡಿ ಅಂದೋಳು ನಾನೇ ಕಣಮ್ಮ."

ಮಗಳು ಅರ್ಥವಾಗದೆ ಅವಳ ಮುಖ ನೋಡಿದಳು. "ಕಂಪ್ಯೂಟರ್ ಕೆಟ್ರೆ ನೀವೇನು ಮಾಡ್ತೀರಿ ಅಕ್ಕಾ," ಎಂದು ಸಮಾಧಾನ ಹೇಳಿ, ಚೀಲ ಹೆಗಲಿಗೇರಿಸಿ ಹೊರಟುಹೋದಳು. ಅವಳು ಬೈದಿದ್ದರೆ ಹಗುರಾಗುತ್ತಿತ್ತೇನೋ ಎಂದು ಆಕೆ ಮನೆಗೆ ಹೋಗಿ ಗಂಡನ ಹತ್ತಿರ ಹೇಳಿಕೊಂಡಳು. ಆತ ಯಂತ್ರ ನಿಲ್ಲಿಸಿ ಪಕ್ಕಕ್ಕೆ ಬಂದು ಕುಳಿತ.

ಆಮೇಲೆ ಸಮಿತಿಯಲ್ಲಿ ಅವಳ ಬಾಯಿ ಕಟ್ಟಿಹೋಯಿತು. ಏನು ಕೇಳಿದರೂ ವಾರ್ಡಿನ ಕಡೆಯಿಂದ ಅಡ್ಡಿಯಿಲ್ಲ ಎನ್ನುವಳು. ಒಂದು ದಿನ ಸಭೆ ಮುಗಿದ ಮೇಲೆ ಅಧ್ಯಕ್ಷರು ಅವಳನ್ನು ನಿಲ್ಲಿಸಿಕೊಂಡರು.

"ಎಲ್ಲದಕ್ಕೂ ಹೂಂ ಅನ್ನೋಕೆ ನಮಗೆ ಸಮಿತಿ ಯಾಕೆ ಸಿಸ್ಟರ್? ನೀವು ಆವತ್ತು ಕೇಳಿದ್ದು ಸರಿಯಾಗೇ ಇತ್ತು."

"ಸರಿಯಾಗಿತ್ತು ಸರ್. ಆದ್ರೂ ಆ ಅಜ್ಜ ಹೋದ್ರು," ಎಂದಳು. "ಬೇಕು ಅಂದ್ರೂ ಯಾರಿಗೋ ಏನೋ ಆಗ್ಬಹುದು, ಬೇಡ ಅಂದ್ರೂ ಆಗ್ಬಹುದು. ಇದು ಗೊತ್ತಿದ್ದೂ ಮಾತಾಡೋ ಗಟ್ಟಿತನ ನನಗಿಲ್ಲ. ಬೇರೆ ಯಾರನ್ನಾದ್ರೂ ನೋಡಿ."

ಅವಳ ಜಾಗಕ್ಕೆ ಶಸ್ತ್ರಚಿಕಿತ್ಸೆ ವಿಭಾಗದ ನರ್ಸೊಬ್ಬಳು ಬಂದಳು. ಪಾಪ, ಅವಳಿಗೆ ಪುರುಸೊತ್ತಿಲ್ಲ; ಬಹಳ ಸಲ ಫೋನಿನಲ್ಲೇ ಒಪ್ಪಿಗೆ ಕೊಡುತ್ತಾಳೆ. ಈಕೆ ಈಗಲೂ ಅದೇ ವಾರ್ಡಿನಲ್ಲಿದ್ದಾಳೆ. ಪರದೆಯ ಮೇಲೆ ಎಲ್ಲ ಕಾಣುತ್ತಿದ್ದರೂ ದಿನಾ ಬೆಳಿಗ್ಗೆ ಪ್ರಯೋಗಾಲಯಕ್ಕೆ ಫೋನು ಮಾಡಿ ಪ್ರತಿಯೊಬ್ಬ ರೋಗಿಯ ಅಂಕಿಯನ್ನೂ ಕೇಳುತ್ತಾಳೆ. ಅಲ್ಲಿಯವರು ಮೊದಮೊದಲು ರೇಗುತ್ತಿದ್ದರು. ಯಾರೋ ತಿಳಿಸಿ ಹೇಳಿರಬೇಕು. ಈಗ ತಾಳ್ಮೆಯಿಂದ ಒಂದೊಂದನ್ನೇ ಓದುತ್ತಾರೆ.