ಕಂಪನಿಗೆ ರೊಟ್ಟಿ ಬೇಯಿಸಿದವನು ಕಂಪನಿಯವನಲ್ಲವಂತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಂಡಿನ ಅಡುಗೆಮನೆಯಲ್ಲಿ ಅತ್ತಿಗೆ ಹಿಟ್ಟಿನ ಮುದ್ದೆಯನ್ನು ಎತ್ತಿ ಎತ್ತಿ ಮೇಜಿಗೆ ಬಡಿಯುತ್ತಿದ್ದಾರೆ. ನಾದುವುದಲ್ಲ, ಬಡಿಯುವುದೇ. ಯಾರ ಮೇಲಿನ ಸಿಟ್ಟನ್ನೋ ಹಿಟ್ಟಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಅನ್ನಿಸಿದರೆ ನಿಮ್ಮ ಊಹೆ ತಪ್ಪಲ್ಲ. ಯಾರ ಮೇಲೆ ಅಂತ ಹೇಳುತ್ತೇನೆ, ತಾಳಿ.

ಮೊಳಕೈವರೆಗೆ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಮೊದಲ ಸುತ್ತಿನ ರೊಟ್ಟಿ ಊದಿಕೊಂಡು ಒಲೆಯಿಂದ ಹೊರಬಂದ ಕೂಡಲೇ ಬಾಗಿಲಿಗೆ ತೂಗುಹಾಕಿದ ರೈಲುಹಳಿಯ ತುಂಡನ್ನು ಸರಳಿನಿಂದ ಬಾರಿಸುತ್ತಾರೆ. ಅದೇ ಊಟದ ಗಂಟೆ. ಸಿಪಾಯಿಗಳ ಇಡೀ ಕಂಪನಿ ತಟ್ಟೆ ಹಿಡಿದು ಸಾಲುಗಟ್ಟುತ್ತದೆ. ಅವರೆಲ್ಲರಿಗೂ ಈಕೆ ಅತ್ತಿಗೆ, ಆದ್ದರಿಂದ ಈಕೆಗೆ ಅವರೆಲ್ಲರೂ ಮೈದುನಂದಿರು. ಸಾಲಿನಲ್ಲೊಬ್ಬ ರೊಟ್ಟಿಯ ಅಂಚು ಕರಕಲಾಗಿದೆ ಎಂದು ಗೊಣಗುತ್ತಾನೆ. "ಯಾಕೋ ಮೈದುನ, ನಿನ್ನೆ ನೀನು ಗುರಿ ಬಿಟ್ಟು ಗುಡ್ಡಕ್ಕೆ ಗುಂಡು ಹೊಡೆದಾಗ ನಾನೇನಾದ್ರೂ ಅಂದ್ನಾ? ತಿನ್ನು ಸುಮ್ನೆ." ಅವನ ಹಿಂದಿದ್ದವರೆಲ್ಲ ನಗುತ್ತಾರೆ. ಅವನೂ ನಗುತ್ತಾನೆ, ತಿನ್ನುತ್ತಾನೆ.

ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಈ ಅಡುಗೆಮನೆಗೆ ಬಂದವರು ಇವರು. ಗಂಡನದು ಒಲೆ, ಇವರದು ಹಿಟ್ಟು. ದಂಡಿನವರು ಅವನನ್ನು ಒಲೆಯಣ್ಣ ಎಂದು ಕರೆಯುತ್ತಿದ್ದರು. ಸಂಬಳದ ದಿನ ಬಿಟ್ಟರೆ ಅವನ ಸರ್ಕಾರಿ ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ. ಮಾತು ಕಮ್ಮಿ, ಕೈ ದೊಡ್ಡದು. ಎರಡನೇ ರೊಟ್ಟಿ ಕೇಳಲು ನಾಚಿಕೊಳ್ಳುವವನ ತಟ್ಟೆಗೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಹಾಕುತ್ತಿದ್ದನಂತೆ.

ಒಂದು ಬೆಳಿಗ್ಗೆ ಕಾವಲಿನವರನ್ನು ಬಿಟ್ಟು ಇಡೀ ಕಂಪನಿ ಇದೇ ಮೆಸ್ಸಿನಲ್ಲಿ ತಿನ್ನುತ್ತ ಕುಳಿತಿದ್ದಾಗ ಮೇಲಿನ ಗುಡ್ಡದಿಂದ ಶತ್ರುಗಳ ಮೊದಲ ಶೆಲ್ ಬಂದು ಬಯಲಿನಲ್ಲಿ ಬಿತ್ತು. ಸೈರನ್ ಕೂಗಲಿಲ್ಲ. ಅದರ ತಂತಿ ಕೆಟ್ಟು ಎಷ್ಟು ದಿನವಾಗಿತ್ತೋ, ಅದನ್ನು ನೋಡಿಕೊಳ್ಳಬೇಕಾದ ಪುಣ್ಯಾತ್ಮರಿಗೇ ಗೊತ್ತು. ಒಲೆಯಣ್ಣ ದೊಡ್ಡ ಹಂಡೆಯ ಮುಚ್ಚಳ ಎತ್ತಿಕೊಂಡು ಸೌಟಿನಿಂದ ಬಾರಿಸುತ್ತ ಬಾಗಿಲಲ್ಲಿ ನಿಂತ. ತಟ್ಟೆ ಬಿಟ್ಟು ಎಲ್ಲರೂ ಕಂದಕಕ್ಕೆ ಓಡಿದರು. ಹೆಂಡತಿಯನ್ನೂ ಹೊರಗೆ ನೂಕಿದ. ಕೊನೆಯ ಆಳು ಹೊರಗೆ ಹೋಗುವವರೆಗೂ ಅವನು ಬಾರಿಸುವುದನ್ನು ನಿಲ್ಲಿಸಲಿಲ್ಲ. ಮುಂದಿನ ಶೆಲ್ ಒಲೆಯ ಮೇಲೇ ಬಿತ್ತು. ಆ ಬೆಳಿಗ್ಗೆ ಹೊರಗೆ ಕಾವಲಿದ್ದ ನಾಲ್ವರು ಸಿಪಾಯಿಗಳು ಸತ್ತರು, ಒಳಗೆ ಒಲೆಯಣ್ಣ ಸತ್ತ.

ಮೈದಾನದ ತುದಿಯಲ್ಲಿ ಸ್ಮಾರಕ ನಿಂತಿದೆ. ಕರಿಕಲ್ಲು, ಒಳ್ಳೆ ಕೆತ್ತನೆ. ಅದರ ಮೇಲೆ ಹೆಸರಿರುವುದು ನಾಲ್ಕೇ. ಸ್ಮಾರಕ ತೆರೆದ ದಿನ ದೊಡ್ಡ ಅಧಿಕಾರಿ ಭಾಷಣದಲ್ಲಿ "ಸಕಾಲದಲ್ಲಿ ಅಲಾರಂ ಮೊಳಗಿದ್ದರಿಂದ ಕಂಪನಿ ಉಳಿಯಿತು" ಎಂದರು. ಮೊಳಗಿತಂತೆ! ತಾನಾಗಿಯೇ, ಗುಡುಗಿನ ಹಾಗೆ.

ಕಾರಣ ಕೇಳಿ. ಕಲ್ಲು ಕಂಪನಿಯ ಯೋಧರಿಗೆ ಮಾತ್ರ. ಅಡುಗೆಯವನು ಯೋಧನಲ್ಲ. ದಂಡಿನ ಭಾಷೆಯಲ್ಲಿ ಅವನು 'ಫಾಲೋವರ್', ಹಿಂದೆ ಬರುವವನು. "ಹಿಂದೆ ಬರೋರಾ?" ಎಂದು ಅತ್ತಿಗೆ ಕೇಳುತ್ತಾರೆ. "ದಿನಾ ಇವರೆಲ್ಲರಿಗಿಂತ ಮುಂಚೆ ಎದ್ದೋರು ನಮ್ಮನೆಯವರು. ಆವತ್ತು ಎಲ್ರಿಗಿಂತ ಹಿಂದೆ ಉಳಿದ್ರು ಅನ್ನೋದು ನಿಜ. ಅದು ಯಾತಕ್ಕೆ ಅಂತ ಕೇಳ್ಬೇಕಲ್ವಾ?"

ಈ ಪದಗಳ ಜಗಳ ಅತ್ತಿಗೆಗೆ ಹೊಸದಲ್ಲ. ಹೊಸ ಸಿಪಾಯಿಗಳಿಗೆ ಪಾಠ ಹೇಳುವ ಮೇಷ್ಟ್ರೊಬ್ಬರು ಇಲ್ಲಿದ್ದರು. ಬೆಂಚುಗಳಿರುವ ಕೋಣೆ ಮೆಸ್ಸೊಂದೇ ಆದ್ದರಿಂದ ಪಾಠವೂ ಅಲ್ಲೇ. ಹುಡುಗರು ತೂಕಡಿಸದಿರಲಿ ಎಂದು ಅವರು ದಂಡಿನ ಒಂದೊಂದು ಪದದ ಬೇರನ್ನೂ ಕೆದಕಿ ತೋರಿಸುತ್ತಿದ್ದರು. ಊಟ ಬಡಿಸುವ ಕಿಂಡಿಯ ಈಚೆಗೆ ಗಂಡ ಹೆಂಡತಿ ಪಾತ್ರೆ ಉಜ್ಜುತ್ತ ವರ್ಷಗಟ್ಟಲೆ ಅದನ್ನೇ ಕೇಳಿಸಿಕೊಂಡರು. ಸಾರ್ಜೆಂಟ್ ಅಂದರೆ ಮೂಲದಲ್ಲಿ ಊಳಿಗದ ಆಳು. ಮಾರ್ಷಲ್ ಅಂದರೆ ಕುದುರೆ ಲಾಯದ ಚಾಕರಿಯವನು. ಹವಾಲ್ದಾರನೆಂದರೆ ತನ್ನ ಹವಾಲೆಗೆ ಒಪ್ಪಿಸಿದ್ದನ್ನು ಕಾಪಾಡುವವನು. ಕಾಮ್ರೇಡ್ ಅಂದರೆ ಒಂದೇ ಕೋಣೆಯಲ್ಲಿ ಮಲಗುವವನು. ಮೆಸ್ ಅಂದರೆ ಮುಂದೆ ತಂದಿಟ್ಟ ಊಟ. ಅಲಾರಂ ಎಂಬುದು ಇಟಲಿಯವರ ಕೂಗು, 'ಆಯುಧ ಹಿಡೀರಿ' ಅಂತ. ಇನ್ನು ಕಂಪನಿ? ಅದು ಹಳೆಯ ಲ್ಯಾಟಿನ್ನಿನದು. ಒಟ್ಟಿಗೆ ರೊಟ್ಟಿ ತಿನ್ನುವವರು, ಅಷ್ಟೇ. ಅದನ್ನು ಕೇಳಿದ ದಿನ ಒಲೆಯಣ್ಣ ಕಿಂಡಿಯಿಂದ ತಲೆ ಹಾಕಿ, ಹಾಗಾದರೆ ಕಂಪನಿಗೆ ನಾನೇ ಅಪ್ಪ ಎಂದನಂತೆ. ಮೇಷ್ಟ್ರೂ ನಕ್ಕುಬಿಟ್ಟರಂತೆ.

ಲಾಯದ ಚಾಕರಿಯವನು ಮಾರ್ಷಲ್ ಆದ, ಊಳಿಗದವನು ಸಾರ್ಜೆಂಟ್ ಆದ. ಅವರ ಎದೆಯ ತುಂಬ ಪದಕ. ರೊಟ್ಟಿ ಸುಟ್ಟವನು ಮಾತ್ರ ಸತ್ತ ಮೇಲೂ ಹಿಂದೆ ಬರುವವನೇ. ಇದು ಯಾವ ಸೀಮೆ ನ್ಯಾಯ?

ಅತ್ತಿಗೆ ಇದನ್ನೇ ಸ್ಮಾರಕದ ಉಸ್ತುವಾರಿ ಅಧಿಕಾರಿಯ ಮುಂದೆ ಹೇಳಿದರು. ಆತ ಕೂರಿಸಿ ಚಹಾ ತರಿಸಿದ. ಪದದ ಅರ್ಥವೆಲ್ಲ ನಿಜವೇ ಇರಬಹುದು, ಚೆನ್ನಾಗಿಯೂ ಇದೆ, ಮನೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ ಎಂದ. ಆದರೆ ನಿಯಮ ಇವತ್ತಿನ ಅರ್ಥವನ್ನು ನೋಡುತ್ತದೆಯೇ ಹೊರತು ಹಳೆಯದನ್ನಲ್ಲ. ಆಯುಧ ಹಿಡಿದು ಸತ್ತವರಿಗೆ ಕಲ್ಲು, ಉಳಿದವರ ಮನೆಯವರಿಗೆ ಸಂತಾಪ. "ನಾನಂದೆ, ಸ್ವಾಮಿ, ನೀವು ಆಯುಧ ಹಿಡೀರಿ ಅಂತ ಕೂಗಬೇಕಾಗಿದ್ದ ಸೈರನ್ ಮಲಗಿತ್ತು. ಅದರ ಕೆಲಸಾನ ಇವರು ಸೌಟಲ್ಲಿ ಮಾಡಿದ್ರು. ಸೌಟು ಆಯುಧ ಅಲ್ದೇ ಇದ್ರೆ ನಿಮ್ಮ ಕಂಪನಿ ಯಾವುದರಿಂದ ಉಳೀತು?" ಆತ ಗಡಿಯಾರ ನೋಡಿಕೊಂಡನಂತೆ. ಚಹಾ ಕುಡಿಯದೆ ಎದ್ದು ಬಂದೆ ಎನ್ನುತ್ತಾರೆ ಅತ್ತಿಗೆ. "ತಣ್ಣಗಿತ್ತು ಬೇರೆ."

ವರ್ಷಕ್ಕೊಮ್ಮೆ, ಶೆಲ್ ಬಿದ್ದ ದಿನ, ಕಂಪನಿ ಆ ಕಲ್ಲಿನ ಮುಂದೆ ನಿಲ್ಲುತ್ತದೆ. ಸತ್ತವರ ಹೆಸರು ಒಂದೊಂದಾಗಿ ಕರೆಯುತ್ತಾರೆ. ಅವರ ಪರವಾಗಿ ಕಂಪನಿಯೇ 'ಹಾಜರ್' ಎನ್ನಬೇಕು. ಈ ವರ್ಷ ಹಾಜರಿ ಕರೆಯುವ ಸರದಿ ಕುಂಟ ಹವಾಲ್ದಾರನದು. ಆವತ್ತು ಮೆಸ್ಸಿನಿಂದ ಕೊನೆಯಲ್ಲಿ ಹೊರಬಿದ್ದವನೇ ಅವನು. ಕಾಲಿಗೆ ಶೆಲ್ಲಿನ ಚೂರು ತಗುಲಿದ್ದೂ ಆಗಲೇ. ನಾಲ್ಕು ಹೆಸರು ಕರೆದು ಮುಗಿಸಿದ. ದೊಡ್ಡವರು ಕುರ್ಚಿಯಿಂದ ಏಳಲು ಹೊರಟರು. ಅವನು ಕದಲದೆ ಇನ್ನೊಂದು ಹೆಸರು ಕರೆದ. "ಒಲೆಯಣ್ಣ."

ಕಂಪನಿಗೆ ಕಂಪನಿಯೇ "ಹಾಜರ್" ಎಂದಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಗೆ ಕೇಳಿಸಿತು.

ಅದಕ್ಕೆ ಸಿಕ್ಕ ಬಹುಮಾನ, ಹವಾಲ್ದಾರನ ಈ ವರ್ಷದ ರಜೆ ರದ್ದು. ಕಲ್ಲಿನಲ್ಲಿಲ್ಲದ ಹೆಸರನ್ನು ಕರೆದದ್ದು ಶಿಸ್ತಿನ ಉಲ್ಲಂಘನೆಯಂತೆ. ಸೈರನ್ನಿನ ತಂತಿ ನೋಡಿಕೊಳ್ಳಬೇಕಾದವನಿಗೆ ಏನು ಶಿಕ್ಷೆಯಾಯಿತು ಎಂದು ನಾನು ಮೂರು ಬಾಗಿಲು ತಟ್ಟಿ ಕೇಳಿದೆ. ಮೂರೂ ಕಡೆ ಪಕ್ಕದ ಬಾಗಿಲು ತೋರಿಸಿದರು.

ತಿಂಡಿ ಮುಗಿದಿದೆ. ಅತ್ತಿಗೆ ಹಿಟ್ಟಿನ ಕೈ ತೊಳೆದು ನನ್ನನ್ನು ಕಲ್ಲಿನ ಹತ್ತಿರ ಕರೆದೊಯ್ಯುತ್ತಾರೆ. ಸೆರಗಿನ ತುದಿಯಿಂದ ನಾಲ್ಕೂ ಹೆಸರನ್ನು ಒರೆಸುತ್ತಾರೆ. "ಇವರೂ ನನ್ನ ಕೈಯಲ್ಲಿ ತಿಂದೋರೇ." ನಾಲ್ಕನೆಯ ಹೆಸರಿನ ಕೆಳಗೆ ಎರಡು ಗೇಣು ಜಾಗ ನುಣ್ಣಗೆ, ಖಾಲಿಯಾಗಿ ಹೊಳೆಯುತ್ತಿದೆ. ಇಷ್ಟು ಜಾಗ ಯಾಕೆ ಬಿಟ್ಟಿದ್ದೀಯಪ್ಪ ಎಂದು ಕಲ್ಲು ಕೆತ್ತಿದವನನ್ನೇ ಕೇಳಿದ್ದರಂತೆ. ಮುಂದೆ ಸಾಯುವವರಿಗೆ ಬಿಡಬೇಕೆಂದು ಮೇಲಿನವರ ಅಪ್ಪಣೆ ಎಂದನಂತೆ ಅವನು.

ಮೈದಾನದ ಆಚೆ, ಬೆಳಿಗ್ಗೆ ಕರಕಲು ರೊಟ್ಟಿ ತಿಂದವನು ಸಾಲಿನಲ್ಲಿ ಹೆಜ್ಜೆ ಹಾಕುತ್ತಿದ್ದಾನೆ. ಅತ್ತಿಗೆ ಅವನನ್ನೇ ನೋಡುತ್ತಾರೆ. ಆಮೇಲೆ ಖಾಲಿ ಜಾಗದ ಮೇಲೆ ಅಂಗೈ ಊರುತ್ತಾರೆ.

"ಇಲ್ಲಿ ನಮ್ಮನೆಯವರ ಹೆಸರು ದಪ್ಪಕ್ಷರದಲ್ಲಿ ಕೆತ್ತಿಸ್ಲಿ. ಈ ತುದಿಯಿಂದ ಆ ತುದಿವರೆಗೂ. ಇನ್ನೊಬ್ಬನಿಗೆ ಜಾಗ ಇರಬಾರದು."