ಎಡ ಮುಂದಿನ ಗಾಲಿ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಆರೂವರೆಗೆ ಕಪನೂರಿನ ಒಂದು ಗ್ಯಾರೇಜಿನಿಂದ ನಮ್ಮ ಕಾರು ಹೊರಗೆ ಬಂತು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಗಿದ್ದವು. ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಕಬ್ಬಿಣದ ತೋಳಿಗೆ ಎರಡೂ ಕಡೆ ಹೊಸ ರಬ್ಬರ್ ಬುಶ್ ಬಿದ್ದಿದ್ದವು. ಅಲ್ಲಿಂದ ನೇರವಾಗಿ ರಿಂಗ್ ರಸ್ತೆಯ ಅಲೈನ್‌ಮೆಂಟ್ ಅಂಗಡಿಗೆ ಹೋಗಿ, ಗಾಲಿಗಳ ಕೋನ ಸರಿಮಾಡಿಸಿ, ಅಳತೆಯ ಒಂದು ಪ್ರಿಂಟ್ ಹಿಡಿದು, ಸಂಜೆಯ ದಟ್ಟಣೆಯಲ್ಲಿ ಮೆಲ್ಲಗೆ ಖೂಬಾ ಪ್ಲಾಟಿನ ಮನೆಗೆ ಬಂದೆ. ಪ್ರಿಂಟಿನಲ್ಲಿ ಎಲ್ಲ ಅಂಕಿಗಳೂ ಹಸಿರಾಗಿದ್ದವು.

ಮರುದಿನ ಚರಗ ಚೆಲ್ಲಲು, ಬೆಳೆಗೆ ನೈವೇದ್ಯ ಎರಚಲು, ಕಮಲಾಪುರದ ಹೊಲಕ್ಕೆ ಹೋದೆವು. ಹೊಲ ನನ್ನ ಹೆಂಡತಿಯ ತವರಿನದು. ಕಾರಿನಲ್ಲಿ ಐದು ಜನ: ನಾನು, ಅವಳು, ನನ್ನ ತಾಯಿ, ಇಬ್ಬರು ಮಕ್ಕಳು. ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ಹಲವು ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿಯ ಪಾತ್ರೆ, ಡಿಕ್ಕಿಯಲ್ಲಿ ಸಜ್ಜೆ ರೊಟ್ಟಿಯ ಗಂಟು, ಅಂಬಲಿಯ ಕೊಡ. ಹೋಗುವಾಗಲೂ ಬರುವಾಗಲೂ ನಾನೇ ಓಡಿಸಿದೆ. ಕಾರು ನೇರವಾಗಿ ಹೋಯಿತು. ಇದನ್ನು ಮುಂದೆ ನಾನು ಬಹಳ ಸಲ ಹೇಳಲಿದ್ದೆ.

ಅದರ ಮಾರನೆಯ ದಿನ ಕಾರು ತೆಗೆದುಕೊಂಡು ಹೋದವಳು ಹೆಂಡತಿ. ಕಮಲಾಪುರದ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಗಾಡಿ ಎಡಕ್ಕ ಎಳೀಲಾಕತ್ತದ್ರಿ. ಸ್ಟೇರಿಂಗ್ ಕೈ ಬಿಟ್ರ ಸಾಕು, ರೋಡಿನಿಂದ ಇಳೀತೀನಿ ಅಂತದ."

"ನಿನ್ನೆ ಎಳೀಲಿಲ್ಲಲ್ಲ?" ಎಂದೆ.

ಇಲ್ಲಿ ಒಂದು ಹಿಂದಿನ ಸಂಗತಿ ಹೇಳಬೇಕು. ಎಂಟು ತಿಂಗಳ ಹಿಂದೆ ಅವಳು ಲೈಸೆನ್ಸ್ ತೆಗೆದುಕೊಂಡು ಶಾಲೆಗೆ ಕಾರಿನಲ್ಲಿ ಹೋಗಲು ಶುರು ಮಾಡಿದಾಗ ನಮ್ಮಿಬ್ಬರ ನಡುವೆ ಒಂದು ಕರಾರು ಆಗಿತ್ತು. ಎಲ್ಲಿಯಾದರೂ ಗುದ್ದಿದರೆ ಕೀಲಿ ಬಾಗಿಲ ಹಿಂದಿನ ಮೊಳೆಗೆ. ಆಮೇಲೆ ಮತ್ತೆ ಬಸ್ಸು. ಕರಾರು ಹಾಕಿದವನು ನಾನು. ಅವಳು ನಗುತ್ತ ಒಪ್ಪಿದ್ದಳು. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವಳು ಬಸ್ಸಿನಲ್ಲೇ ಹೋಗಿಬಂದವಳು. ಕಾರು ಕೈಗೆ ಬಂದ ಮೇಲೆ ಕತ್ತಲಾಗುವ ಮೊದಲು ಮನೆ ಸೇರುತ್ತಿದ್ದಳು.

ಬೆಳಕು ಇರುವಾಗಲೇ ಕೆಳಗೆ ಹೋಗಿ ಕಾರಿನ ಎಡ ಮುಂದಿನ ಗಾಲಿಯ ಎದುರು ಕುಕ್ಕರಗಾಲಲ್ಲಿ ಕುಳಿತೆ. ರಿಮ್ಮಿನ ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಒಂದು ಗೀರು ಇತ್ತು. ಹೊಸದು, ಬೆಳ್ಳಗಿತ್ತು. ಮೊಬೈಲಿನಲ್ಲಿ ಅದರ ಫೋಟೊ ತೆಗೆದೆ.

ಪತ್ರಿಕೆಯ ಡೆಸ್ಕಿನಲ್ಲಿ ಇಷ್ಟು ವರ್ಷ ಕುಳಿತವನಿಗೆ ಒಂದು ಅಭ್ಯಾಸವಿದೆ. ಒಂದು ಮಾತು ಸುದ್ದಿಯಾಗಬೇಕಾದರೆ ಎರಡು ಮೂಲ ಬೇಕು. ಮೊದಲು ಅಲೈನ್‌ಮೆಂಟ್ ಅಂಗಡಿಯವನಿಗೆ ಫೋನ್ ಮಾಡಿದೆ.

"ಪ್ರಿಂಟ್ ಹಸರದ ಅಲ್ರಿ ಸರ್? ನಮ್ಮ ಮಶೀನ್ ಸುಳ್ಳ ಹೇಳಂಗಿಲ್ಲ. ಆಮ್ಯಾಲ ಎಲ್ಲೋ ಹೊಡದಾರ, ನೋಡ್ರಿ."

ಎರಡನೆಯದು ಗ್ಯಾರೇಜಿನ ಮಿಸ್ತ್ರಿಗೆ. ನಮ್ಮ ಹಳೆಯ ಕಾರನ್ನೂ ಅವನೇ ನೋಡಿಕೊಳ್ಳುತ್ತಿದ್ದ.

"ನಾ ಬಿಗಿದಿದ್ದು ಬಿಗಿದಂಗಽ ಇರ್ತದ್ರಿ ಸಾಹೇಬ್ರ. ಈಗ ಗಾಡಿ ಯಾರ್ ಹೊಡೀಲಾಕತ್ತಾರ?"

"ಮನಿಯವ್ರು."

"ಹಾಂ..." ಎಂದ. ಆ ಹಾಂ ಸ್ವಲ್ಪ ಉದ್ದವಾಗಿಯೇ ಇತ್ತು.

ಎರಡು ಮೂಲ ಸಿಕ್ಕವು. ಎರಡೂ ತಮ್ಮ ತಮ್ಮ ಅಂಗಡಿ ಉಳಿಸಿಕೊಳ್ಳುವ ಮೂಲಗಳು ಎಂಬುದನ್ನು ನಾನು ಆ ಹೊತ್ತು ಬರೆದುಕೊಳ್ಳಲಿಲ್ಲ.

ಊಟವಾದ ಮೇಲೆ ಅವಳ ಎದುರು ನೋಟ್‌ಪುಸ್ತಕ ಹಿಡಿದು ಕುಳಿತೆ.

"ಸಾಲಿ ಗೇಟಿನ ಮುಂದ ಒಂದು ದಿಬ್ಬ ಅದ ಅಲ್ಲ?"

"ಅದ. ಎಂಟು ತಿಂಗಳಿಂದನೂ ಅದ."

"ಇವತ್ತು ಜೋರಾಗಿ ಹಾರಿಸಿದೇನು?"

"ಇಲ್ಲ. ಬರಕೋರಿ, ಇಲ್ಲ."

"ಗಾಲಿ ಎಲ್ಲಿಯಾದ್ರೂ ಕಲ್ಲಿಗಿ..."

"ಇಲ್ಲ ಅಂದೆ ಅಲ್ಲ? ಸಹಿ ಎಲ್ಲಿ ಮಾಡ್ಲಿ?"

ಫೋಟೊ ತೋರಿಸಿದೆ. ಮೊಬೈಲ್ ಹತ್ತಿರ ಹಿಡಿದು ನೋಡಿದಳು, ವಾಪಸು ಕೊಟ್ಟಳು. ಎದ್ದು ಹೋಗಿ ಕೀಲಿಯನ್ನು ತಾನೇ ಮೊಳೆಗೆ ಹಾಕಿದಳು.

"ತನಿಖಿ ಮುಗಿಯೋತನಕ ಇಲ್ಲೇ ಇರ್ಲಿ," ಎಂದಳು.

ಮರುದಿನ ಬಸ್ಸಿಗೆ ಹೋದಳು. ಅದರ ಮರುದಿನವೂ.

ವಾರದ ರಜೆಯ ದಿನ ನಾನು ಒಬ್ಬನೇ ಕಾರು ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ಕಾರು ನನಗೂ ಎಡಕ್ಕೆ ಎಳೆಯಿತು. ನಡುದಾರಿಯಲ್ಲಿ ನಿಲ್ಲಿಸಿ ನಾಲ್ಕೂ ಗಾಲಿಗಳ ಹವಾ ನೋಡಿಸಿದೆ, ಸರಿಯಿತ್ತು. ಶಾಲೆಯ ಮುಂದಿನ ದಿಬ್ಬ ನೋಡಿದೆ, ಸಣ್ಣದು. ಅವಳು ದಿನವೂ ಕಾರು ನಿಲ್ಲಿಸುವ ಬೇವಿನ ಮರದ ಸುತ್ತಲೂ ಕಲ್ಲಿರಲಿಲ್ಲ. ಮರದ ಪಕ್ಕ ಕೆಂಪು ಬಾಳೆಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಇಲ್ಲಿ ಟೀಚರ್‌ದು ಬಿಳಿ ಗಾಡಿ ನಿಂದರ್ತದಲ್ಲ, ಅದು ಮೊನ್ನೆ ಎಲ್ಲರೆ ಬಡದದೇನವ್ವ?" ಎಂದೆ.

"ನೀವ್ ಯಾರ್ರಿ? ಇನ್ಶೂರೆನ್ಸ್‌ದವ್ರೇನು?"

"ಅಲ್ಲ. ಆಕಿ ಗಂಡ."

ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಗಂಡ ಆಗಿ ನನಗ ಬಂದು ಕೇಳ್ತೀರಿ? ಯಾಕ, ಮನ್ಯಾಗ ಮಾತಿಲ್ಲೇನು?"

ಅರ್ಧ ಡಜನ್ ಹಣ್ಣು ಕೊಂಡು ಹೊರಟೆ. ಮರುದಿನ ಸಂಜೆ ಹೆಂಡತಿ ಬಸ್ಸಿನಿಂದ ಇಳಿದು ಬಂದವಳು ಕೇಳಿದ್ದು ಒಂದೇ: "ಬಾಳಿಹಣ್ಣಿನಾಕಿ ಸಾಕ್ಷಿ ಹೇಳಿದ್ಳಾ?"

ಭಾನುವಾರ ಕಪನೂರಿಗೆ ಹೊರಟಾಗ ಅವಳೂ ಬಂದು ಪಕ್ಕದ ಸೀಟಿನಲ್ಲಿ ಕುಳಿತಳು. ಯಾಕೆ ಎಂದು ನಾನು ಕೇಳುವ ಮೊದಲೇ ಹೇಳಿದಳು. "ಖಟ್ಲೆ ನನ್ ಮ್ಯಾಲ ಅದ. ನಾ ಹಾಜರ್ ಇರಬಾರದೇನು?"

ಮಿಸ್ತ್ರಿ ಅವಳನ್ನು ನೋಡಿ "ಬರ್ರಿ ಮೇಡಂ" ಎಂದು ಸ್ಟೂಲ್ ಒರೆಸಿ ಕೊಟ್ಟ. ಅವಳು ಕೂರಲಿಲ್ಲ. ಅವನು ಮೊದಲು ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಎಡಗಾಲಿಯನ್ನು ಮೇಲೆತ್ತಿ ಕೈಯಿಂದ ತಿರುಗಿಸಿದ. ಗಾಲಿ ಸಲೀಸಾಗಿ ತಿರುಗಿತು. ಆಮೇಲೆ ಮುಂದಿನ ಎರಡು ಗಾಲಿಗಳನ್ನು ಅದಲು ಬದಲು ಮಾಡಿದ. ಟೈರಿನದೇ ತಪ್ಪಾದರೆ ಇನ್ನು ಬಲಕ್ಕೆ ಎಳೆಯುತ್ತದೆ ಎಂದ. ಕಾರ್ಖಾನೆಗಳ ನಡುವಿನ ಖಾಲಿ ರಸ್ತೆಯಲ್ಲಿ ಮೂವರೂ ಕೂತು ಒಂದು ಸುತ್ತು ಹಾಕಿದೆವು. ಕಾರು ಎಡಕ್ಕೇ ಎಳೆಯಿತು.

"ಟೈರ್ ಅಲ್ಲ," ಎಂದ. ಹೆಂಡತಿಯ ಕಡೆ ನೋಡಿದ. "ಮೇಡಂ, ಖರೇ ಹೇಳ್ರಿ, ಎಲ್ಲಿ ತೆಗ್ಗಿನ್ಯಾಗ ಇಳಿಸಿದ್ರಿ?"

"ಖರೇ ಹೇಳ್ತೀನಿ. ನೀವು ಗಾಡಿ ತಳಗ ನೋಡ್ರಿ, ನನ್ ಮಾರಿ ನೋಡಬ್ಯಾಡ್ರಿ," ಎಂದಳು.

ಅವನು ನಕ್ಕು ಸಿಮೆಂಟ್ ನೆಲದ ಮೇಲೆ ಕಾರು ನಿಲ್ಲಿಸಿ, ನೆಲದಿಂದ ಗಾಲಿಯ ಮೇಲಿನ ಕಮಾನಿನವರೆಗೆ ಟೇಪ್ ಹಿಡಿದ. ಮೊದಲು ಬಲಗಡೆ, ಆಮೇಲೆ ಎಡಗಡೆ. ಎಡಗಡೆ ಎರಡು ಸಲ ಹಿಡಿದ. ನಗು ನಿಂತಿತು. ಎಡಗಡೆ ಕಾರು ಬಲಗಡೆಗಿಂತ ಒಂದೂವರೆ ಬೆರಳು ಎತ್ತರ ನಿಂತಿತ್ತು.

ಕಾರಿನ ಕೆಳಗೆ ಹೋಗಿ ಬಂದವನು ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟು. ತೋಳಿನ ಬುಶ್ ಹಾಕಿದ ಮೇಲೆ ಕಾರನ್ನು ನೆಲಕ್ಕೆ ಇಳಿಸಿ, ಗಾಲಿಯ ಮೇಲೆ ಕಾರಿನ ಒಜ್ಜೆ, ಅಂದರೆ ಭಾರ, ಬಿದ್ದ ಮೇಲೆಯೇ ಬೋಲ್ಟ್ ಕೊನೆಯ ಬಿಗಿ ಬಿಗಿಯಬೇಕು. ಗಾಲಿ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ಅದೇ ಭಂಗಿಯಲ್ಲಿ ಕಚ್ಚಿಕೊಳ್ಳುತ್ತದೆ; ಆಮೇಲೆ ಕಾರನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಬಲಗಡೆ ಕ್ರಮದಂತೆ ಮಾಡಿದ್ದ. ಎಡಗಡೆ ಜಾಕಿನ ಮೇಲೆಯೇ ಬಿಗಿದಿದ್ದ.

"ಒಂದು ಕಡಿ ಹಂಗ, ಒಂದು ಕಡಿ ಹಿಂಗ ಯಾಕ?" ಎಂದು ಕೇಳಿದೆ.

"ನೀವಽ ಅಲ್ರಿ ಸಾಹೇಬ್ರ ನಿಂತಿದ್ದು? ನಾ ಅಂದೆ, ಅಮಾಸಿ ದಿನ ಗ್ಯಾರೇಜ್ ಬಂದ್, ಗಾಡಿ ಬಿಟ್ಟು ಹೋಗ್ರಿ, ನಾಡಿದ್ದು ಒಯ್ರಿ. ನೀವ್ ಏನಂದ್ರಿ? ಚರಗಕ್ಕ ಹೋಗ್ಬೇಕು, ಅಲೈನ್‌ಮೆಂಟ್ ಅಂಗಡಿ ಮುಚ್ತಾರ, ಬೇಗ ಇಳಸು ಅಂದ್ರಿ. ಗಡಿಯಾರ ಬ್ಯಾರೆ ತೋರಿಸಿದ್ರಿ."

ತೋರಿಸಿದ್ದೆ.

"ಮತ್ತ ಅಮಾಸಿ ದಿನ ಸೀದಾ ಹೋಯ್ತಲ್ಲ?"

"ಐದು ಮಂದಿ, ಭಜ್ಜಿ, ಅಂಬಲಿ. ಅಷ್ಟು ಒಜ್ಜಿಗಿ ಎರಡೂ ಕಡಿ ಸಮ ಕುಂತಿರ್ತದ. ಮೇಡಂ ಒಬ್ರೇ ಹೋಗ್ತಾರ, ಅದಕ್ಕ ಅವ್ರಿಗಿ ಗೊತ್ತಾಗ್ಯಾದ."

ಹೆಂಡತಿ ಆಗ ಸ್ಟೂಲಿನ ಮೇಲೆ ಕುಳಿತಳು.

ಅವನು ಎಡಗಡೆಯ ಬೋಲ್ಟ್ ಸಡಿಲಿಸಿ, ಕಾರನ್ನು ನೆಲಕ್ಕಿಳಿಸಿ, ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಾಲ್ಕೈದು ಸಲ ಒತ್ತಿ ಕುಣಿಸಿ, ಕಾರಿನ ಕೆಳಗೆ ಕೆಲಸ ಮಾಡಲು ತೋಡಿದ್ದ ಗುಂಡಿಗೆ ಇಳಿದು ಕೆಳಗಿನಿಂದ ಬಿಗಿದ. ಟೇಪ್ ಹಿಡಿದ. ಎರಡೂ ಕಡೆ ಸಮ.

ಅಲ್ಲಿಂದ ಮತ್ತೆ ಅಲೈನ್‌ಮೆಂಟ್ ಅಂಗಡಿ. ಅಂಗಡಿಯವನು ಅಳತೆಯ ಯಂತ್ರದ ಹಿಡಿಕೆಗಳನ್ನು ತಂದು ಒಂದೊಂದೇ ಗಾಲಿಗೆ ಕಚ್ಚಿಸತೊಡಗಿದ. ಹಿಡಿಕೆಗೆ ನಾಲ್ಕು ಕಬ್ಬಿಣದ ಉಗುರುಗಳು. ಅವು ರಿಮ್ಮಿನ ಅಂಚನ್ನು ನಾಲ್ಕು ಕಡೆ ಹಿಡಿಯುತ್ತವೆ. ಹಿಡಿಯುವಾಗ ಸಣ್ಣಗೆ ಕರ್ ಎಂದು ಸದ್ದಾಯಿತು.

ಹೆಂಡತಿ ಮೊಬೈಲ್ ಕೇಳಿದಳು. ಕೊಟ್ಟೆ. ಗೀರಿನ ಫೋಟೊ ತೆರೆದು ಗಾಲಿಯ ಪಕ್ಕ ಹಿಡಿದಳು. ಆಮೇಲೆ ಬಗ್ಗಿ ಕಾರಿನ ಸುತ್ತ ಒಂದು ಸುತ್ತು ಬಂದಳು. ನಾನೂ ಹಿಂದೆ ಹೋದೆ. ನಾಲ್ಕೂ ಗಾಲಿಗಳಲ್ಲಿ ಹೋದ ಸಲದ ನಾಲ್ಕು ನಾಲ್ಕು ಗೀರುಗಳಿದ್ದವು, ಒಂದೇ ಉದ್ದ, ಒಂದೇ ಅಂತರ. ಅಂದು ನಾನು ನೋಡಿದ್ದು ಒಂದೇ ಗಾಲಿಯನ್ನು, ಅದರಲ್ಲೂ ಒಂದೇ ಗೀರನ್ನು.

"ಇದು ಎಲ್ಲಾ ಗಾಡಿಗೂ ಆಗ್ತದ್ರಿ ಸರ್," ಎಂದ ಅಂಗಡಿಯವನು. "ಹಿಡಿಬೇಕಂದ್ರ ಗೀರು ಬಿದ್ದಽ ಬೀಳ್ತದ."

"ಫೋನ್‌ನ್ಯಾಗ ಎಲ್ಲೋ ಹೊಡದಾರ ಅಂದ್ರಂತಲ್ಲ?" ಎಂದಳು ಅವಳು.

ಅವನು ಯಂತ್ರದ ಪರದೆ ನೋಡುತ್ತ ನಿಂತ. ಪ್ರಿಂಟ್ ಬಂತು. ಅದೂ ಹಸಿರು.

ಮರಳುವಾಗ ಅವಳೇ ಓಡಿಸಿದಳು. ರಿಂಗ್ ರಸ್ತೆಯ ನೇರದಲ್ಲಿ ಒಮ್ಮೆ ಎರಡೂ ಕೈಗಳನ್ನು ಸ್ಟೇರಿಂಗಿನಿಂದ ಒಂದಿಷ್ಟು ಎತ್ತಿ ಹಿಡಿದಳು. ಕಾರು ಎತ್ತಲೂ ಸರಿಯಲಿಲ್ಲ. ಮನೆಗೆ ಬಂದ ಮೇಲೆ ಕೀಲಿ ಮೊಳೆಗೆ ಹೋಗಲಿಲ್ಲ. ಅವಳ ಚೀಲಕ್ಕೆ ಹೋಯಿತು.

ಸೋಮವಾರ ಅವಳು ಕಾರಿನಲ್ಲಿ ಶಾಲೆಗೆ ಹೋದಳು. ಸಂಜೆ ನಾನು ಡೆಸ್ಕಿನಲ್ಲಿದ್ದಾಗ ಅವಳ ನಂಬರಿನಿಂದ ನಾಲ್ಕು ಫೋಟೊ ಬಂದವು. ಎಡ ಮುಂದಿನ ಗಾಲಿ, ಬಲ ಮುಂದಿನದು, ಎಡ ಹಿಂದಿನದು, ಬಲ ಹಿಂದಿನದು. ಮಂಗಳವಾರವೂ ಬಂದವು. ಕಳಿಸುವುದು ಬೇಡ ಎಂದು ಎರಡು ಸಲ ಹೇಳಿದ್ದೇನೆ. "ದಾಖಲೆ ಇರ್ಲಿ ರಿ," ಎಂದಿದ್ದಾಳೆ.

ಇಂದು ಸಂಜೆ ಐದೂಮುಕ್ಕಾಲಿಗೆ ನಾಲ್ಕು ಫೋಟೊ ಬಂದಿವೆ. ಜತೆಗೆ ಬರಹ ಇಲ್ಲ.