ತೊಳೆಯದ ಕರುಳು

ಮೀನು ಹೆಚ್ಚುವುದರಲ್ಲಿ ಕತ್ತಿಯಕ್ಕನದು ಎತ್ತಿದ ಕೈ. ಮಾರುಕಟ್ಟೆಯ ಒದ್ದೆ ಕಲ್ಲಿನ ಮೇಲೆ ಇಪ್ಪತ್ತಾರು ವರ್ಷ ಕುಕ್ಕರುಗಾಲಲ್ಲಿ ಕೂತು ಮಂಡಿಗಳೆರಡೂ ಮುಷ್ಕರ ಹೂಡಿದಾಗ, ಬಂದರಿನ ಪಕ್ಕದ ಮೀನು ಸಂಶೋಧನಾಲಯದಲ್ಲಿ ನಿಂತು ಮಾಡುವ ಕೆಲಸ ಸಿಕ್ಕಿತು. ಒಂದು ತಿಂಗಳು ನೋಡುತ್ತಾರೆ, ಸರಿಬಂದರೆ ಕಾಯಂ. ಇಲ್ಲದಿದ್ದರೆ ಮತ್ತೆ ಅದೇ ಕಲ್ಲು. ಅಲ್ಲಿಗೆ ಮರಳುವ ಆಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ.

“ಕರುಳು ತೆಗೆಯೋಕೂ ಸಂಬಳ ಕೊಡ್ತಾರಾ?” ಎಂದು ಗಂಡ ನಕ್ಕ.

“ನನ್ನ ಹಾಗೆ ತೆಗೆದ್ರೆ ಕೊಡದೆ ಏನ್ಮಾಡ್ತಾರೆ?” ಎಂದಳು.

ಮೊದಲ ದಿನ ಅಲ್ಲಿ ಸಂಶೋಧನೆ ನಡೆಸುವ ಮೇಡಂ ಆರು ಮೀನು ಕೊಟ್ಟು, ಕರುಳು ಬಿಡಿಸಿಡಲು ಹೇಳಿ ಹೋದರು. ಬಂಡೆಯ ಮೇಲಿನ ಪಾಚಿ ಮೇದು ಬದುಕುವ ಮೀನುಗಳು. ಮುಳುಗುಗಾರನೊಬ್ಬ ಎರಡು ವಾರ ಹುಡುಕಿ ತಂದಿದ್ದ. ಕತ್ತಿಯಕ್ಕ ಸುರುಳಿ ಸುತ್ತಿದ ಮಾರುದ್ದದ ಕರುಳುಗಳನ್ನು ಬಿಡಿಸಿ, ಸೀಳಿ, ನಲ್ಲಿಯ ಕೆಳಗೆ ಮೂರು ಸಲ ತೊಳೆದು, ಫಳಫಳ ಹೊಳೆಯುವಂತೆ ತಟ್ಟೆಯಲ್ಲಿ ಜೋಡಿಸಿಟ್ಟಳು. ಇಪ್ಪತ್ತಾರು ವರ್ಷ ಪಳಗಿದ ಕೈ ತಲೆಯನ್ನು ಕೇಳಿ ಕೆಲಸ ಮಾಡುತ್ತದೆಯೇ?

ಮೇಡಂ ಬಂದವರೇ ತಲೆಯ ಮೇಲೆ ಕೈಹೊತ್ತರು. “ಅಕ್ಕಾ, ಒಳಗಿದ್ದ ಪಾಚಿ ಎಲ್ಲಿ?”

“ಚರಂಡಿಗೆ ಹೋಯ್ತು ಮೇಡಂ. ಒಂದು ಚೂರೂ ಬಿಟ್ಟಿಲ್ಲ.”

“ನಂಗೆ ಬೇಕಾಗಿದ್ದೇ ಅದು! ಪಾಚಿ ಎಲ್ಲಿ ಅರಗುತ್ತೆ, ಹೇಗೆ ಮೈಗೆ ಹತ್ತುತ್ತೆ ಅಂತ ಈಗ ಏನು ನೋಡ್ಲಿ?”

ಕತ್ತಿಯಕ್ಕನಿಗೆ ಮಾರುಕಟ್ಟೆಯ ಒದ್ದೆ ಕಲ್ಲು ಕಣ್ಣ ಮುಂದೆ ಬಂತು. ಆದರೆ ಬಾಯಿ ಮುಚ್ಚಿಕೊಂಡು ಹೋಗುವ ಹೆಂಗಸಲ್ಲ ಅವಳು.

“ತಪ್ಪು ನಂದೇ. ಕರುಳು ತೊಳೆದೆ, ಮೂಗು ತೊಳ್ಕೊಂಡಿಲ್ಲ. ಕೇಳಿ. ಹೊಟ್ಟೆ ಹತ್ರ ಪಾಚಿ ಹಸಿರು ಹಸಿರಾಗೇ ಇತ್ತು. ನಡುವೆ ಕಪ್ಪು ಲೋಳೆ. ಕೊನೇ ಗೇಣಲ್ಲಿ ಮಾತ್ರ ಹಿಟ್ಟು ಹುಳಿ ಬಂದ ವಾಸನೆ. ಮೀನು ತಿನ್ನೋ ಮೀನಲ್ಲಿ ಆ ಹುಳಿ ಯಾವತ್ತೂ ಬರಲ್ಲ.”

ಮೇಡಂ ಕೈ ಇಳಿಸಿದರು. ಮೀನಿಗೆ ತಾನೇ ಅರಗಿಸಲಾಗದ ಪಾಚಿಯನ್ನು ಕರುಳ ಕೊನೆಯಲ್ಲಿರುವ ಸೂಕ್ಷ್ಮಜೀವಿಗಳು ಹುಳಿಯಾಗಿಸುತ್ತವೆ, ಆ ಹುಳಿ ಕರುಳ ಗೋಡೆಯಿಂದ ರಕ್ತಕ್ಕೆ ಇಳಿದು ಮೀನಿಗೆ ಶಕ್ತಿ ಕೊಡುತ್ತದೆ ಎಂಬುದು ಅವರ ಊಹೆ. ಈ ಮೀನಿನಲ್ಲಿ ಅದನ್ನು ತೋರಿಸಬೇಕಿತ್ತು.

“ಇನ್ನೊಂದ್ಸಲ ತರಿಸಿ,” ಎಂದಳು ಕತ್ತಿಯಕ್ಕ. “ಸಂಜೆ ಹೊತ್ತು ಹಿಡಿಸಿ, ಹೊಟ್ಟೆ ತುಂಬಿರುತ್ತೆ. ನಾನು ದಾರ ತರ್ತೀನಿ.”

ಎರಡನೆಯ ಸಲ ಅವಳು ಕರುಳನ್ನು ಸೀಳಲಿಲ್ಲ. ಗೇಣಿಗೊಂದರಂತೆ ಜೋಡಿ ಗಂಟು ಹಾಕಿ, ಗಂಟುಗಳ ನಡುವೆ ಕತ್ತರಿಸಿದಳು. ಒಂದರ ರಸ ಇನ್ನೊಂದಕ್ಕೆ ಬೆರೆಯಲಿಲ್ಲ. ಅಳೆದು ನೋಡಿದರೆ ಕೊನೆಯ ಗೇಣಿನ ಹುಳಿ ಮೊದಲ ಗೇಣಿನದಕ್ಕಿಂತ ಹತ್ತು ಪಟ್ಟು. ಮೇಡಂ ಎರಡು ಸಲ ಅಳೆದರು, ಲೆಕ್ಕ ಅಲ್ಲಾಡಲಿಲ್ಲ.

ತಿಂಗಳ ಕೊನೆಗೆ ಮೇಡಂ ಕರೆದಾಗ ಕತ್ತಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಮೇಜಿನ ಸುತ್ತ ಐದು ಮಂದಿ ವಿದ್ಯಾರ್ಥಿಗಳು, ನಡುವೆ ಹೊಸ ಮೀನುಗಳು.

“ಕೆಲಸ ಕಾಯಂ ಆಯ್ತು ಅಕ್ಕಾ. ಇನ್ಮೇಲೆ ಇವ್ರಿಗೆ ನೀವೇ ಕಲಿಸಬೇಕು. ಶುರು ಮಾಡಿ.”

ಕತ್ತಿಯಕ್ಕನ ಕಣ್ಣು ತುಂಬಿ ಬಂತು. ಆದರೂ ಸೊಂಟಕ್ಕೆ ಕೈಯಿಟ್ಟು ಐವರನ್ನೂ ಒಮ್ಮೆ ನೋಡಿದಳು.

“ಮೊದ್ಲು ಆ ನಲ್ಲಿ ಬಂದ್ ಮಾಡಿ.”